ಅಳಿವೆಗೆ ಬೀಗವಿಲ್ಲ

ಮುಂಬೈ
12 ಜನವರಿ 2025

ಚಿಕ್ಕಿಗೆ ಸುಜಿತ್‌ನ ನಮಸ್ಕಾರ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕೆಲಸದ ಮಾತು ತೆಗೆದ ಕೂಡಲೇ ನೀವು "ಕಾಗದ ಬರಿ, ಕಾಗದದಗೆ ಸುಳ್ಳ್ ಹೇಳುಕೆ ಕಷ್ಟ" ಎಂದು ಫೋನ್ ಇಟ್ಟುಬಿಡುತ್ತೀರಿ. ಹಾಗಾಗಿ ಈ ದಪ್ಪ ಲಕೋಟೆ.

ನಮ್ಮ ನೀಲದುರ್ಗ ಕಂಪನಿ ಕೆಲವು ವರ್ಷಗಳ ಹಿಂದೆ ತನ್ನ ಆಟದ ನಿಯಮಗಳನ್ನು ಮುಕ್ತವಾಗಿ ಬಿಟ್ಟಿತ್ತಲ್ಲ? ಯಾರು ಬೇಕಾದರೂ ಬಳಸಿ, ಅದರ ಮೇಲೆ ನಿಮ್ಮದೇ ಆಟ ಕಟ್ಟಿ, ಅಚ್ಚು ಹಾಕಿ, ಮಾರಿ ಎಂದು. ನಿಮ್ಮ 'ಅಳಿವೆ' ನಿಂತಿರುವುದು ಆ ನಿಯಮಗಳ ಮೇಲೆಯೇ. ಆ ಪರವಾನಗಿಯನ್ನು ಏಪ್ರಿಲ್‌ನಿಂದ ರದ್ದು ಮಾಡುತ್ತಿದ್ದಾರೆ. ಇನ್ನು ಮುಂದೆ ನಮ್ಮ ದಾಳದ ನಿಯಮ ಬಳಸುವವರೆಲ್ಲ ಹೆಸರು ನೋಂದಾಯಿಸಬೇಕು. ಅವರು ಬರೆದದ್ದನ್ನು ಕಂಪನಿಯೂ ಬಳಸಬಹುದು. ಕಂಪನಿ ನಿಲ್ಲಿಸು ಎಂದರೆ ನಿಲ್ಲಿಸಬೇಕು.

ಕೇಳಿದ ಕೂಡಲೇ ಸಿಟ್ಟಾಗಬೇಡಿ. ಪರವಾನಗಿ ವಿಭಾಗದಲ್ಲಿ ಈಗ ನಾನೇ ಇದ್ದೇನೆ. ನಮ್ಮ ಮೇಡಂಗೆ 'ಅಳಿವೆ' ಇಷ್ಟವಾಗಿದೆ. ನೀವು ಒಪ್ಪಿದರೆ ಅದಕ್ಕೆ ಕಂಪನಿಯ ಮುದ್ರೆ ಬೀಳುತ್ತದೆ, ದೇಶದ ಎಲ್ಲ ಅಂಗಡಿಗಳಿಗೂ ಹೋಗುತ್ತದೆ. ಇನ್ನೊಂದು ಲಾಭವೂ ಇದೆ: ನಿಮ್ಮ ಒಪ್ಪಿಗೆ ಇಲ್ಲದೆ ಅದನ್ನು ಯಾರೂ ತಿದ್ದುವ ಹಾಗಿಲ್ಲ.

ಒಳಗಿರುವ ಒಪ್ಪಂದಕ್ಕೆ ಸಹಿ ಹಾಕಿ ಕಳಿಸಿ. ಮಿಕ್ಕಿದ್ದನ್ನು ನನಗೆ ಬಿಡಿ.

ಸುಜಿತ್

---

ಬ್ರಹ್ಮಾವರ
27 ಜನವರಿ 2025

ಮಗಾ ಸುಜಿತ್,

ನಿನ್ನ ಲಕೋಟೆ ಕೊಡುವಾಗ ಅಂಚೆ ಕಚೇರಿಯ ವನಜ ಕೇಳಿದಳು, "ಎಂತ ಟೀಚರೇ, ಇಷ್ಟ್ ದಪ್ಪ? ಕೋರ್ಟಿಂದ್ದಾ?"

"ಅಲ್ಲ, ಅಕ್ಕನ ಮಗ ಕಳ್ಸಿದ್ದ್. ಆಟದ್ದ್."

"ಆಟವಾ! ಯಾವ ಮೇಳದ್ದ್?"

ಇದು ಯಕ್ಷಗಾನದ ಆಟವಲ್ಲ, ಇದಕ್ಕೆ ಮೇಳವೂ ಇಲ್ಲ, ಚೆಂಡೆಯೂ ಇಲ್ಲ ಎಂದು ಬಿಡಿಸಿ ಹೇಳಿದೆ. ಮೇಜಿನ ಸುತ್ತ ಐದಾರು ಜನ ಕೂರುವುದು. ಒಬ್ಬರು ಕಥೆ ನಡೆಸುವುದು, ಉಳಿದವರು ಒಂದೊಂದು ಪಾತ್ರ ಹಿಡಿಯುವುದು. ದೋಣಿ ಅಳಿವೆಯ ಬಾಯಿಗೆ ಬಂತು, ಮರಳು ಜಾಗ ಬದಲಿಸಿದೆ, ಈಗ ಏನು ಮಾಡುತ್ತೀರಿ ಎಂದರೆ ಪಾತ್ರದವರು ಹೇಳುತ್ತಾ ಹೋಗುವುದು. ಆದೀತೋ ಇಲ್ಲವೋ ಎಂಬಲ್ಲಿ ದಾಳ ಹಾಕುವುದು. ಅವಳು ಸ್ವಲ್ಪ ಯೋಚಿಸಿ, "ಹಾಂಗಾರೆ ತಾಳಮದ್ದಳೆ ಕಣೆಗೆ ಆಯ್ತಲೆ. ಕೂಕಂಡ್ ಅರ್ಥ ಹೇಳುದ್" ಎಂದಳು.

ನೋಡು, ವನಜಳಿಗೆ ತಿಳಿದದ್ದು ನಿನ್ನ ಮೇಡಂಗೆ ತಿಳಿದಿಲ್ಲ. ಪ್ರಸಂಗ ಎಲ್ಲರದ್ದು, ಅರ್ಥ ಹೇಳಿದವರದ್ದು. ಅರ್ಥ ಹೇಳುವ ಮೊದಲು ಯಾರೂ ಯಾರ ಕಚೇರಿಯಲ್ಲೂ ಹೆಸರು ಬರೆಸಿ ಬಂದದ್ದಿಲ್ಲ.

ನಿವೃತ್ತಿಯಾದ ವರ್ಷ ನಾನು ಬೇಸರದಲ್ಲಿ ಕೂತಿದ್ದಾಗ ಆ ನಿಯಮಗಳನ್ನು ತಂದುಕೊಟ್ಟವನು ನೀನೇ. "ಇದು ಎಲ್ಲರದ್ದು ಚಿಕ್ಕಿ, ಎಂತ ಬೇಕಾದ್ರೂ ಮಾಡಿ" ಅಂದಿದ್ದೆ. ನಾನು ಮಾಡಿದೆ. ನಾವುಂದದ ಹೈಸ್ಕೂಲಿನಲ್ಲಿ ಅಷ್ಟು ವರ್ಷ ಗಣಿತ ಕಲಿಸಿದವಳು ಗಂಗೊಳ್ಳಿಯ ಅಳಿವೆಯನ್ನು ಮೇಜಿನ ಮೇಲೆ ತಂದೆ. ಐದು ನದಿ ಕೂಡಿ ಕಡಲು ಸೇರುವ ಆ ಬಾಯಿ, ಹಾಯಿದೋಣಿಗಳ ಕಾಲ, ಅಲ್ಲಿ ದೋಣಿ ಒಡೆದವರನ್ನು ಕರೆದು ಗಂಜಿ ಕೊಡುವ ತೆಂಕಮನೆಯ ಒಡತಿ. ಈಗ ಕುಂದಾಪುರದಲ್ಲಿ ಆಡುತ್ತಾರೆ, ಬೈಂದೂರಿನಲ್ಲಿ ಆಡುತ್ತಾರೆ. ಪುಸ್ತಕದ ಕೊನೆಯ ಪುಟದಲ್ಲಿ ನಾನೂ ಬರೆದಿದ್ದೇನೆ: ಯಾರು ಬೇಕಾದರೂ ನಕಲು ಮಾಡಿ, ತಿದ್ದಿ, ಮಾರಿ, ತಿದ್ದಿದ್ದನ್ನು ಮಾತ್ರ ನೀವೂ ಹೀಗೆಯೇ ಮುಕ್ತವಾಗಿ ಬಿಡಿ.

ಕೊಟ್ಟದ್ದನ್ನು ವಾಪಸು ಕೇಳುವವರಿಗೆ ನಾನು ಸಹಿ ಹಾಕುವುದಿಲ್ಲ. ನಿನ್ನ ಒಪ್ಪಂದ ಹಾಗೆಯೇ ವಾಪಸು ಕಳಿಸಿದ್ದೇನೆ. ಹಾಳೆಯ ಹಿಂದುಗಡೆ ಖಾಲಿ ಇದೆ, ಬೇರೆ ಏನಕ್ಕಾದರೂ ಆದೀತು.

ಊಟ ಸರಿ ಮಾಡು.

ನಿನ್ನ ಚಿಕ್ಕಿ
ಹರಿಣಾಕ್ಷಿ

---

ಮುಂಬೈ
20 ಫೆಬ್ರವರಿ 2025

ಚಿಕ್ಕಿ,

ನಿಮ್ಮ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಹೋಟೆಲಿನ ಕೌಂಟರಿನಲ್ಲಿ ಕೂತು ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ.

ಕಂಪನಿಯ ಮಾತನ್ನೂ ಸ್ವಲ್ಪ ಕೇಳಿ. ನಿಯಮ ಬರೆದು, ಆಡಿಸಿ ನೋಡಿ, ತಪ್ಪು ತಿದ್ದಿ, ಮತ್ತೆ ಬರೆದವರು ಇಲ್ಲಿನವರು. ಮುಕ್ತವಾಗಿ ಬಿಟ್ಟದ್ದರಿಂದಲೇ ನೀಲದುರ್ಗ ಬೆಳೆಯಿತು, ಒಪ್ಪುತ್ತೇನೆ. ಊರೂರಿನಲ್ಲಿ ನಿಮ್ಮಂಥವರು ಆಟ ಕಟ್ಟಿದರು, ಆಡುವವರೆಲ್ಲ ನಮ್ಮ ದಾಳ ಕೊಂಡರು. ಆದರೆ ಈಗ ಅದೇ ನಿಯಮದ ಮೇಲೆ ದೊಡ್ಡ ದೊಡ್ಡವರೂ ಅಂಗಡಿ ತೆರೆದಿದ್ದಾರೆ. ಕೆಲವರು ಹೊಲಸು ಹೊಲಸಾಗಿ ಬರೆದು ನಮ್ಮ ಹೆಸರನ್ನೂ ಅದರ ಕೆಳಗೆ ಹಾಕುತ್ತಾರೆ. ಬೇಲಿಯೇ ಬೇಡ ಎಂದರೆ ಹೇಗೆ?

ನಾಳೆ ಯಾರಾದರೂ ನಿಮ್ಮ 'ಅಳಿವೆ'ಯನ್ನೇ ಕೆಡಿಸಿದರೆ ಆಗ ನಿಮಗೆ ಗೊತ್ತಾಗುತ್ತದೆ. ನಾನು ನಿಮ್ಮ ಕಡೆಯವನು ಚಿಕ್ಕಿ. ಕಂಪನಿಯ ಒಳಗೆ ಕೂತು ನಿಮ್ಮ ಕಡೆ ನೋಡುತ್ತಿರುವವನು ನಾನೊಬ್ಬನೇ. ಮಾರ್ಚ್ ಕೊನೆಯವರೆಗೂ ಸಮಯವಿದೆ.

ಸುಜಿತ್

---

ಬ್ರಹ್ಮಾವರ
18 ಮಾರ್ಚ್ 2025

ಸುಜಿತ್,

ನಿನ್ನ ನಾಲಿಗೆಯಲ್ಲಿ ಏನಿದೆಯೋ, ನೀನು ಹೇಳಿದ ಹಾಗೆಯೇ ಆಯಿತು.

ನಾವುಂದದ ಪಂಚಾಯತ್ ಗ್ರಂಥಾಲಯ ನೋಡಿಕೊಳ್ಳುವ ಜಲಜ ನನ್ನ ಹಳೆಯ ವಿದ್ಯಾರ್ಥಿನಿ. ಅಲ್ಲಿನ ಆಟದ ಗುಂಪು ಅವಳದ್ದೇ. "ಭಾನುವಾರ ಬನ್ನಿ ಟೀಚರೇ, ಹೊಸ್ತ್ ಕಥೆ ಇತ್" ಎಂದು ಕರೆದಳು. ಬಸ್ಸು ಹಿಡಿದು ಹೋದೆ.

ಮೇಜಿನ ಸುತ್ತ ಆರೇಳು ಜನ. ದೋಣಿ ಕೆಲಸದ ಐತ ವ್ಯಾಪಾರಿಯ ಪಾತ್ರ ಹಿಡಿದಿದ್ದ. ಅವನ ದೋಣಿ ಅಳಿವೆಯಲ್ಲಿ ಒಡೆಯಿತು. ನೆಂದುಕೊಂಡು ತೆಂಕಮನೆಗೆ ಬಂದ. ಒಡತಿ ಒಣ ಬಟ್ಟೆ ತರುತ್ತಾಳೆ, ಗಂಜಿ ಬಡಿಸುತ್ತಾಳೆ ಎಂದು ನಾನು ಕಾದು ಕೂತೆ. ಜಲಜ ಒಡತಿಯ ಸ್ವರದಲ್ಲಿ ಹೇಳಿದಳು, "ಅಲ್ಲೇ ನಿಲ್. ಒಳ್ಗ್ ಬಪ್ಪುಕೆ ಮುಂಚೆ ಹೇಳ್, ಗೇಣಿ ಎಷ್ಟ್ ಕೊಡ್ತೆ?"

ಎಲ್ಲರೂ ನಕ್ಕರು. ನನ್ನ ಮುಖ ನೋಡಿ ಇನ್ನೊಮ್ಮೆ ನಕ್ಕರು.

ಪುಸ್ತಕಕ್ಕೆ ಹೆಸರೇ 'ಗೇಣಿ' ಎಂದು ಇಟ್ಟಿದ್ದಾಳೆ. ತೆಂಕಮನೆಯ ಅಂಗಳದಲ್ಲಿ ಗೇಣಿ ಗದ್ದೆಯ ಒಕ್ಕಲಿನವರು ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿ ಹೊತ್ತು ಸಾಲಾಗಿ ನಿಲ್ಲುತ್ತಾರೆ, ಅಳೆಯುವವನು ಕಳ್ಳ ಅಳತೆ ಅಳೆಯುತ್ತಾನೆ, ಒಡತಿ ಜಗಲಿಯಿಂದ ಇಳಿಯುವುದೇ ಇಲ್ಲ. ಆಟ ಮುಗಿದ ಮೇಲೆ ಕೇಳಿದೆ.

"ಇದೆಂತ ಜಲಜ?"

"ತಿದ್ದಿದ್ದೆ ಟೀಚರೇ. ತಿದ್ದ್‌ಬಹುದ್ ಅಂದೇಳಿ ನೀವೇ ಬರ್ದಿದ್ರಿಯಲೆ."

"ತಿದ್ದುದ್ ಅಂದ್ರೆ ಮರ್ಯಾದಿ ತೆಗುದಾ?"

"ಯಾರ ಮರ್ಯಾದಿ? ನಮ್ಮ್ ಅಜ್ಜಿ ಗೇಣಿ ಅಕ್ಕಿ ಹೊತ್ಕಂಡ್ ಹೋಯಿ ಇಂಥಾದ್ದೇ ಮನಿ ಅಂಗ್ಳದಗೆ ಹೊತ್ತ್ ಕಂತುವರಿಗೆ ಕೂತದ್ದ್. ಒಂದ್ ಲೋಟ ನೀರಿಗೂ ಕರ್ದವ್ರಿಲ್ಲೆ. ನಿಮ್ಮ್ ಒಡ್ತಿ ಗಂಜಿ ಬಡ್ಸಿದ್ದ್ ಯಾರಿಗೆ?"

ನಾನು ಎದ್ದು ಬಸ್ಸು ಹತ್ತಿದೆ. ತೆಂಕಮನೆ ಯಾವುದೆಂದು ನಿನಗೆ ಗೊತ್ತು, ತಲ್ಲೂರಿನ ನಮ್ಮ ಮನೆಯೇ. ಆ ಒಡತಿ ನನ್ನ ಅಜ್ಜಿ, ನಿನ್ನ ಮುತ್ತಜ್ಜಿ. ಅವಳ ಕೈಯ ಗಂಜಿ ಉಂಡು ಬೆಳೆದವಳು ನಾನು. ಅವಳನ್ನು ಹೀಗೆ ಊರ ಮುಂದೆ ನಿಲ್ಲಿಸುವುದೇ? ಇದನ್ನು ಯಾರಾದರೂ ನಿಲ್ಲಿಸಬೇಕು.

ಇನ್ನು ಬರೆಯಲು ಮನಸ್ಸಿಲ್ಲ.

ಚಿಕ್ಕಿ

---

ಮುಂಬೈ
29 ಮಾರ್ಚ್ 2025

ಚಿಕ್ಕಿ,

ಕಾಗದ ಸಿಕ್ಕಿತು. ನಿಮ್ಮನ್ನು ಇಷ್ಟು ನೋಯಿಸಿದವರ ಮೇಲೆ ನನಗೂ ಸಿಟ್ಟು ಬಂದಿದೆ. ಸಹಿ ಹಾಕುವಷ್ಟು ನಿಮ್ಮ ಮನಸ್ಸು ಇನ್ನೂ ಬಗ್ಗಿಲ್ಲ ಎಂದು ಗೊತ್ತು, ಅದಕ್ಕೆ ಒತ್ತಾಯಿಸುವುದಿಲ್ಲ. ಆದರೆ ನೀವು ಬಾಯಿ ಬಿಟ್ಟು ಕೇಳಿದ್ದು ಇದೇ ಮೊದಲು. ನಾನು ನೋಡಿಕೊಳ್ಳುತ್ತೇನೆ. ನೀವು ನಿಶ್ಚಿಂತೆಯಿಂದ ಇರಿ.

ಸುಜಿತ್

---

ಬ್ರಹ್ಮಾವರ
24 ಏಪ್ರಿಲ್ 2025

ಸುಜಿತ್,

'ನೋಡಿಕೊಳ್ಳುತ್ತೇನೆ' ಎಂದು ನೀನು ಬರೆದಾಗ ನನ್ನ ಸಮಾಧಾನಕ್ಕೆ ಬರೆದಿದ್ದೀ ಎಂದುಕೊಂಡಿದ್ದೆ. ನಿನ್ನೆ ಮಧ್ಯಾಹ್ನ ಬಿಸಿಲು ಹೊಡೆಯುವಾಗ ಜಲಜ ಬಂದು ಗೇಟಿನ ಹೊರಗೆ ನಿಂತಳು.

"ಒಳ್ಗ್ ಬಾ ಜಲಜ."

"ಬ್ಯಾಡ. ಇಲ್ಲೇ ಸಾಕ್."

ನೀಲದುರ್ಗದ ನೋಟಿಸನ್ನು ಗೇಟಿನ ಮೇಲಿಂದಲೇ ಕೊಟ್ಟಳು. 'ಗೇಣಿ'ಯನ್ನು ಆಡಬಾರದು, ಹಂಚಬಾರದು, ಇರುವ ಪ್ರತಿಗಳನ್ನು ಒಪ್ಪಿಸಬೇಕು. ಯಾಕೆಂದರೆ 'ಮೂಲ ಲೇಖಕಿ ಶ್ರೀಮತಿ ಹರಿಣಾಕ್ಷಿಯವರು ಲಿಖಿತವಾಗಿ ದೂರಿರುತ್ತಾರೆ.' ಪಂಚಾಯತಿಗೂ ಒಂದು ಪ್ರತಿ ಹೋಗಿದೆ. ಅವರು ಹೆದರಿ ಗ್ರಂಥಾಲಯದಲ್ಲಿ ಆಟವನ್ನೇ ನಿಲ್ಲಿಸಿ, ಪುಸ್ತಕಗಳನ್ನು ಕಪಾಟಿಗೆ ಹಾಕಿ ಬೀಗ ಹಾಕಿದ್ದಾರೆ. ಜಲಜಳಿಂದ ವಿವರಣೆ ಕೇಳಿದ್ದಾರೆ.

"ನಾನ್ ದೂರ್ ಕೊಡ್ಲಿಲ್ಲೆ" ಎಂದೆ.

"ಹಾಂಗಾರೆ ಈ ಮಾತ್ ಯಾರದ್ದ್?" ಎಂದು ನೋಟಿಸಿನಲ್ಲಿ ಉದ್ಧರಿಸಿದ್ದ ಒಂದು ಸಾಲಿಗೆ ಬೆರಳಿಟ್ಟು ಓದಿದಳು: ಇದನ್ನು ಯಾರಾದರೂ ನಿಲ್ಲಿಸಬೇಕು.

ನಾನು ಸುಳ್ಳು ಹೇಳಲಿಲ್ಲ. "ನಂದೇ. ಸಿಟ್ಟಗೆ ಬರ್ದದ್ದ್. ಮನಿ ಹುಡ್ಗನಿಗೆ ಬರ್ದದ್ದ್."

"ಸಿಟ್ಟ್ ನಿಮ್ದ್, ಬೀಗ ನನ್ನ್ ಕಪಾಟಿಗೆ" ಎಂದಳು. ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು. ಆ ಬಿಸಿಲಲ್ಲಿ ನೀರು ಕೂಡ ಕುಡಿಯಲಿಲ್ಲ.

ಸಿಟ್ಟು ಬಂದಾಗ ಬೈಯುವ ಹಕ್ಕು ನನಗಿದೆ. ಅವಳ ಕಥೆ ಕೆಟ್ಟದ್ದು ಎನ್ನುವ ಹಕ್ಕೂ ಇದೆ. ಅವಳ ಮೇಜನ್ನು ಎತ್ತಿಸುವ ಹಕ್ಕು ನನಗಿಲ್ಲ, ನಿನ್ನ ಕಂಪನಿಗಂತೂ ಮೊದಲೇ ಇಲ್ಲ. ನಾನು ಇಷ್ಟವಾದದ್ದಕ್ಕೆ ಮಾತ್ರ ಬಾಗಿಲು ತೆರೆದಿಟ್ಟಿದ್ದರೆ ಅದನ್ನು ತೆರೆದದ್ದು ಎಂದು ಹೇಳುವುದು ಹೇಗೆ? ನಿನಗೆ ಬರೆದ ಕಾಗದವನ್ನು ಮೇಡಂ ಮೇಜಿನ ಮೇಲೆ ಇಡುವಾಗ ನಿನಗೆ ಒಮ್ಮೆಯಾದರೂ ಕೇಳಬೇಕು ಅನಿಸಲಿಲ್ಲವೇ?

ನಿನ್ನ ಕಂಪನಿಗೆ ಪ್ರತ್ಯೇಕ ಬರೆಯುತ್ತಿದ್ದೇನೆ. ಈ ಕಾಗದವನ್ನೂ ಬೇಕಾದರೆ ತೋರಿಸು.

ಹರಿಣಾಕ್ಷಿ

---

ಮುಂಬೈ
10 ಮೇ 2025

ಚಿಕ್ಕಿ,

ಕಾಗದದ ಕೊನೆಯಲ್ಲಿ ನೀವು 'ಚಿಕ್ಕಿ' ಎಂದು ಬರೆಯಲಿಲ್ಲ. ಅದನ್ನು ಗಮನಿಸಿದೆ.

ನಿಲ್ಲಿಸಬೇಕು ಎಂದು ನೀವೇ ಬರೆದಿರಿ. ನಾನು ಅದನ್ನು ನಂಬಿದೆ. ನೋಟಿಸಿನಲ್ಲಿ ನಿಮ್ಮ ಹೆಸರು ಹಾಕುತ್ತಾರೆ ಎಂದು ನನಗೆ ತಿಳಿದಿರಲಿಲ್ಲ, ಮೊದಲೇ ಕೇಳಿಕೊಳ್ಳಬೇಕಿತ್ತು. ಹಿಂದಕ್ಕೆ ತೆಗೆಸುವ ಪ್ರಯತ್ನ ಮಾಡಿದೆ, ಆಗಲಿಲ್ಲ.

ನೀವು ಕಂಪನಿಗೆ ಬರೆದ ಕಾಗದ ಇಲ್ಲಿ ಎಲ್ಲರ ಕೈಯಲ್ಲೂ ಓಡಾಡುತ್ತಿದೆ. 'ನನಗೆ ದೂರಿಲ್ಲ. ಇದ್ದರೂ ನಿಮ್ಮ ಹತ್ತಿರ ಹೇಳುವುದಿಲ್ಲ. ನನ್ನ ಹೆಸರನ್ನು ಬಿಡಿ, ಅವಳ ಪುಸ್ತಕವನ್ನು ಬಿಡಿ.' ಮೇಡಂ ತುಂಬಾ ಸಿಟ್ಟಾಗಿದ್ದಾರೆ. ಹಳೆಯ ಪರವಾನಗಿ ಈಗ ಇಲ್ಲ. 'ಅಳಿವೆ' ಆಡಿದರೂ ಕೇಸು ಹಾಕಬಹುದು. ದಯವಿಟ್ಟು ಸ್ವಲ್ಪ ದಿನ ಸುಮ್ಮನಿರಿ. ನಿಮ್ಮನ್ನು ಕೋರ್ಟಿನ ಮೆಟ್ಟಿಲಲ್ಲಿ ನೋಡುವ ಧೈರ್ಯ ನನಗಿಲ್ಲ.

ಸುಜಿತ್

---

ಬ್ರಹ್ಮಾವರ
30 ಜೂನ್ 2025

ಸುಜಿತ್,

ಸುಮ್ಮನಿರಲಿಲ್ಲ.

ಮೊದಲು ನಾವುಂದಕ್ಕೆ ಹೋಗಿ ಪಂಚಾಯತಿಯವರ ಎದುರು, ದೂರು ನನ್ನದಲ್ಲ ಎಂದು ಬರೆದುಕೊಟ್ಟೆ. ಬೀಗ ತೆಗೆದರು. ಜಲಜ ಅಲ್ಲೇ ಇದ್ದಳು. ನಾನು ಹೊರಡುವಾಗ, "ಬಸ್ಸಿಗೆ ಇನ್ನೂ ಹೊತ್ತ್ ಇತ್. ಕೂಕಣಿ" ಎಂದಳು. ಕೂತೆ.

ಆಮೇಲೆ ಇಬ್ಬರೂ ಕುಂದಾಪುರದ ಒಬ್ಬ ವಕೀಲರನ್ನು ಕಂಡೆವು. ಬರೆದ ಮಾತಿಗೆ ಒಡೆಯರು ಇರಬಹುದು, ಆಡುವ ಕ್ರಮಕ್ಕೆ ಒಡೆಯರಿಲ್ಲ ಎಂದರು. ಆದರೂ ನಿನ್ನ ಕಂಪನಿಯ ಒಂದು ಸಾಲೂ ನಮಗೆ ಬೇಡ ಎಂದು ತೀರ್ಮಾನಿಸಿದೆವು. ಇಪ್ಪತ್ತು ಮುಖದ ಆ ದಾಳವೂ ಬೇಡ. ಮಂಜೇಶ್ವರದಿಂದ ಕಾರವಾರದ ತನಕ ಯಾರ ಮನೆಯಲ್ಲೂ ಸಿಗುವುದು ಕವಡೆ. ಕವಡೆ ಹಾಕುವುದು, ಎಷ್ಟು ಬಾಯಿ ಮೇಲಾಯಿತೋ ಅಷ್ಟು ಬಲ. ಅದರಿಂದ ಹೊರಟು ಎಲ್ಲವನ್ನೂ ಹೊಸದಾಗಿ ಬರೆದೆವು.

ಮೀನುಗಾರಿಕೆಗೆ ರಜೆಯಾದ್ದರಿಂದ ಐತ ದಡದಲ್ಲೇ ಇದ್ದಾನೆ. ದಿನವೂ ಆಡಿ ನೋಡುವವನು ಅವನೇ. ನಾನು ಗಾಳಿಗೆ ಒಂದು ಲೆಕ್ಕ ಕಟ್ಟಿದ್ದೆ. ಐತ ಎರಡು ಸಲ ಆಡಿ, "ಟೀಚರೇ, ಇದ್ರಗೆ ದೋಣಿ ಮುಳ್ಗುದೇ ಇಲ್ಲೆ. ಬೇಜಾರ್ ಬತ್ತ್" ಎಂದ. ಹರಿದು ಹಾಕಿ ಮತ್ತೆ ಕಟ್ಟಿದೆ.

ತೆಂಕಮನೆಯ ವಿಷಯದಲ್ಲಿ ಜಲಜಳಿಗೂ ನನಗೂ ಜಗಳ ಇನ್ನೂ ಮುಗಿದಿಲ್ಲ. "ಗಂಜಿ ಬಡ್ಸಿದ್ದ್ ಸತ್ಯ" ಎಂದು ನಾನು. "ಅಂಗ್ಳದಗೆ ಕೂರ್ಸಿದ್ದೂ ಸತ್ಯ" ಎಂದು ಅವಳು. ಒಂದು ದಿನ ನಾನು ಅಕ್ಕನಿಗೆ, ನಿನ್ನ ಅಮ್ಮನಿಗೆ, ಫೋನ್ ಮಾಡಿ ಕೇಳಿದೆ. ಒಕ್ಕಲಿನವರಿಗೆ ಅಜ್ಜಿ ಗಂಜಿ ಕೊಡುತ್ತಿದ್ದಳಾ ಎಂದು. ಅಕ್ಕ, "ನೆಂಟ್ರಿಗೆ ಕೊಡ್ತಿದ್ರ್" ಎಂದಳು. ಅದನ್ನು ಜಲಜಳಿಗೆ ಹಾಗೆಯೇ ಹೇಳಿದೆ. ಅವಳು ಗೆದ್ದೆ ಎಂದು ಕುಣಿಯಲಿಲ್ಲ. "ನಿಮ್ಮ್ ಕಥೆಯೂ ಇರ್ಲಿ ಟೀಚರೇ" ಎಂದಳು. ಒಂದೇ ರಟ್ಟಿನ ಒಳಗೆ ಎರಡೂ ಬಂದಿವೆ. 'ಅಳಿವೆ', 'ಗೇಣಿ'. ಆಡುವವರು ಯಾವ ಬಾಗಿಲಿಂದ ಬೇಕಾದರೂ ಒಳಗೆ ಹೋಗಲಿ.

ಅಚ್ಚಾದ ಮೊದಲ ಪ್ರತಿ ನಿನ್ನ ಮೇಡಂಗೆ ರಿಜಿಸ್ಟರ್ ಅಂಚೆಯಲ್ಲಿ ಹೋಗಿದೆ. ಕೇಸು ಹಾಕುವುದಾದರೆ ಹಾಕಲಿ, ವಿಳಾಸ ಮೊದಲ ಪುಟದಲ್ಲೇ ಇದೆ.

ಚಿಕ್ಕಿ

---

ಮುಂಬೈ
14 ಸೆಪ್ಟೆಂಬರ್ 2025

ಚಿಕ್ಕಿ,

ಮೊದಲು ಕೆಲಸದ ಮಾತು. ಇದನ್ನು ಬರೆಯಲು ನನಗೆ ಹೇಳಿದ್ದಾರೆ, ಬರೆಯುತ್ತಿದ್ದೇನೆ. 'ಗೇಣಿ'ಯ ಮೇಲಿನ ನೋಟಿಸನ್ನು ಕಂಪನಿ ಹಿಂದಕ್ಕೆ ಪಡೆದಿದೆ. ಹಳೆಯ ಪರವಾನಗಿಯನ್ನೂ ಮತ್ತೆ ಜಾರಿಗೆ ತಂದಿದೆ. ರದ್ದಾದ ಮೇಲೆ ನಮ್ಮ ನಿಯಮ ಬಿಟ್ಟು ಹೋದವರು ಬಹಳ, ಆದರೆ ವಾಪಸು ಬಂದವರು ಕಡಿಮೆ. ಪುಣೆಯವರು ನಿಮ್ಮ ಕವಡೆಯ ನಿಯಮವನ್ನು ಮರಾಠಿಗೆ ತಂದಿದ್ದಾರೆ, ಕೊಚ್ಚಿಯವರು ಮಲಯಾಳಕ್ಕೆ. ಗುವಾಹಟಿಯ ಒಂದು ಗುಂಪು ಅದರ ಮೇಲೆ ಬ್ರಹ್ಮಪುತ್ರದ ಆಟ ಕಟ್ಟುತ್ತಿದೆ. ಹೀಗಾಗಿ ಆ ನಿಯಮವನ್ನು ನಿಮ್ಮಿಂದ ಪೂರ್ತಿಯಾಗಿ ಕೊಂಡುಕೊಳ್ಳಲು ಮೇಡಂ ಸಿದ್ಧರಿದ್ದಾರೆ. ಕಂಪನಿಯನ್ನು ಬಿಟ್ಟು ಬೇರೆ ಯಾರಿಗೂ ಕೊಡಬಾರದು ಎಂಬ ಷರತ್ತು. ನಿಮ್ಮ ಉತ್ತರ ಏನೆಂದು ಸಭೆಯಲ್ಲೇ ಹೇಳಿದೆ. ಆದರೂ ಬರೆ ಎಂದರು.

ಕೆಲಸದ ಮಾತು ಮುಗಿಯಿತು.

ಕಳೆದ ಸೋಮವಾರ ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಅಪ್ಪನ ಹೋಟೆಲಿನ ಕೆಲಸದವರ ಜೊತೆ 'ಗೇಣಿ' ಆಡಲು ಕೂತೆ. ಅಡುಗೆಯ ಬಚ್ಚ ನಮ್ಮ ಕಡೆಯವನೇ, ಬೈಂದೂರಿನವನು. ಸ್ವಲ್ಪ ಹೊತ್ತು ಆಡಿ, "ತೆಂಕಮನಿ ನಮಗೆ ಗೊತ್ತಿಲ್ಲೆ. ಹೋಟ್ಲ್ ಮಾಡ್ವ" ಎಂದ. ಮಾಡಿದರು. ಒಡತಿಯ ಜಾಗದಲ್ಲಿ ಕೌಂಟರ್ ಬಂತು, ಕೌಂಟರಿನಲ್ಲಿ ಭೋಜರಾಜಣ್ಣ ಎಂಬ ಧಣಿ, ಅಪ್ಪನದ್ದೇ ನಕಲು, ರಜೆ ಕೇಳಿದವರನ್ನು ಗದರಿಸುವವನು. ಅಪ್ಪ ಆಚೆಯಿಂದ ಎಲ್ಲ ಕೇಳಿಸಿಕೊಂಡು ಎದ್ದು ಬಂದರು. ಆಟ ನಿಲ್ಲಿಸಿಬಿಡುತ್ತಾರೆ ಎಂದುಕೊಂಡೆ. ಅಪ್ಪ ಕುರ್ಚಿ ಎಳೆದು ಕೂತು, "ರಜೆ ಕೇಳಿರೆ ನಾನ್ ಹಾಂಗೇ ಹೇಳುದಾ?" ಎಂದು ಕೇಳಿದರು. ಯಾರೂ ಇಲ್ಲ ಎನ್ನಲಿಲ್ಲ.

ಅಲ್ಲಿ ಕೂತಿದ್ದಾಗ ಜಲಜಕ್ಕ ನಿಮ್ಮ ಗೇಟಿನ ಹೊರಗೆ ನಿಂತದ್ದು ನೆನಪಾಯಿತು. ಅವರಿಗೆ ಬೇರೆ ಕಾಗದ ಬರೆದಿದ್ದೇನೆ. ಏನು ಬರೆದೆ ಎಂದು ನಿಮಗೆ ಹೇಳುವುದಿಲ್ಲ.

ಸುಜಿತ್

---

ಬ್ರಹ್ಮಾವರ
20 ಅಕ್ಟೋಬರ್ 2025

ಮಗಾ ಸುಜಿತ್,

ನಿನ್ನ ಮೇಡಂಗೆ ಹೇಳು: ಮಾರುವುದಿಲ್ಲ. ಮಾರಲು ಅದು ನನ್ನೊಬ್ಬಳದ್ದೂ ಅಲ್ಲ. ಬೇಕಿದ್ದರೆ ಪುಣೆಯವರ ಹಾಗೆ, ಗುವಾಹಟಿಯವರ ಹಾಗೆ ಅವರೂ ತೆಗೆದುಕೊಳ್ಳಲಿ, ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಅದರ ಮೇಲೆ ಕಟ್ಟಿದ್ದನ್ನು ಅವರೂ ಎಲ್ಲರಿಗೆ ಬಿಡಬೇಕು. ಆ ಷರತ್ತು ದೊಡ್ಡವರಿಗೂ ಒಂದೇ, ಬಚ್ಚನಿಗೂ ಒಂದೇ. ಬಚ್ಚನ ಹೋಟೆಲಿನ ಕಥೆಯನ್ನು ಬರೆಸಿ ಕಳಿಸು. ಇಲ್ಲಿ ಹೋಟೆಲಿನವರ ಮನೆಗಳಿಗೇನು ಕಡಿಮೆಯಿಲ್ಲ, ನಮ್ಮವರೇ ಕೂತು ಆಡಲಿ.

ಜಲಜ ನಿನ್ನ ಕಾಗದ ತೋರಿಸಲಿಲ್ಲ. ನಾನೂ ಕೇಳಲಿಲ್ಲ. "ಹುಡ್ಗನಿಗೆ ಬರೂಕೆ ಬತ್ತ್" ಎಂದಳು, ಅಷ್ಟೇ.

ಕಳೆದ ಭಾನುವಾರ ಕುಂದಾಪುರದಲ್ಲಿ ಬ್ರಹ್ಮಾವರ, ಕುಂದಾಪುರ, ಬೈಂದೂರು ಮೂರೂ ತಾಲೂಕಿನ ಆಟದವರು ಸೇರಿದ್ದರು. ಬಾಡಿಗೆಗೆ ತಂದ ಮೇಜು ಸಾಲದೆ ಕೆಲವರು ಚಾಪೆ ಹಾಸಿಕೊಂಡರು. ಜಲಜಳ ಮೇಜಿಗೆ ನಾನೇ ಹೋಗಿ ಕೂತೆ. ಪಾತ್ರ ಹಂಚುವಾಗ ಅವಳು ನನ್ನ ಮುಖ ನೋಡಿದಳು.

"ಒಕ್ಲಿನ ಹೆಂಗ್ಸ್ ಕೊಡ್" ಎಂದೆ.

ಸೀತು ಎಂಬ ಒಕ್ಕಲಿನವಳಾದೆ. ಗಂಡನಿಲ್ಲ, ಗದ್ದೆಗೆ ನೆರೆ ಬಂದಿದೆ, ಗೇಣಿ ತೀರಿಸುವ ದಿನ ಬಂದಿದೆ. ಒಡತಿಯ ಪಾತ್ರ ಐತನದ್ದು. ಅವನು ನನ್ನ ಶಾಲನ್ನೇ ಹೆಗಲಿಗೆ ಹಾಕಿಕೊಂಡು, ಮೂಗಿನ ತುದಿಗೆ ಕನ್ನಡಕ ಇಳಿಸಿ, ಥೇಟ್ ನನ್ನ ಗಣಿತ ತರಗತಿಯ ಸ್ವರದಲ್ಲಿ, "ಸೀತು, ಬಾಕಿ ಎಷ್ಟ್ ಇತ್?" ಎಂದ. ಇಡೀ ಸಭಾಭವನ ನಕ್ಕಿತು. ಈ ಸಲ ನನಗೂ ನಗು ಬಂತು. ಆದರೆ ಆಟ ಮುಂದೆ ಹೋದ ಹಾಗೆ ನಗು ನಿಂತಿತು. ಅಂಗಳದಲ್ಲಿ ಕಾದೆ. ಬೇಡಿದೆ. ನೆರೆ ಬಂದದ್ದನ್ನು ಹೇಳಿದೆ. ಜಗಲಿಯ ಮೇಲಿಂದ ಐತ ಒಂದೇ ಮಾತು ಹೇಳುತ್ತಿದ್ದ, "ಅದೆಲ್ಲ ನಂಗೊತ್ತಿಲ್ಲೆ." ತಲ್ಲೂರಿನ ಜಗಲಿಯಲ್ಲಿ ಕೇಳಿ ಬೆಳೆದ ಸ್ವರ ಅದು, ಮಗಾ. ಯಾರದ್ದೆಂದು ಹೇಳಬೇಕಾಗಿಲ್ಲ.

ಕೊನೆಗೆ ಕವಡೆ ಹಾಕಿದೆ. ಎಲ್ಲವೂ ಕವುಚಿ ಬಿದ್ದವು.

ಜಲಜ ನಿಧಾನಕ್ಕೆ ಹೇಳಿದಳು, "ಟೀಚರೇ, ಬಲ ಬರ್ಲಿಲ್ಲೆ. ಗದ್ದಿ ಹೋತ್ತ್. ಇದ್ದ ಒಂದ್ ಮುಡಿ ಅಕ್ಕಿ ಕೊಟ್ರೆ ಮನಿ ಆದ್ರೂ ಉಳಿತ್ತ್. ಎಂತ ಮಾಡ್ತ್ರಿ?"

ಮೇಜಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಶಾಲು ಹೊದ್ದ ಐತ ಕೂಡ ಒಡತಿಯಾಗಿರುವುದನ್ನು ಮರೆತು ನೋಡುತ್ತಿದ್ದ.

ನಾನು ಎದ್ದು ನಿಂತೆ.

"ಕೊಡುದಿಲ್ಲೆ" ಎಂದೆ.

ನಿನ್ನ
ಚಿಕ್ಕಿ